ಜಗಲಿ ಮೇಲಿನ ಕೀಬೋರ್ಡು

ನಮ್ಮ ಶಾಲೆಗೆ ಲ್ಯಾಪ್‌ಟಾಪುಗಳು ಬಂದಿಳಿದ ದಿನ ಆಫೀಸ್ ರೂಮಿನಲ್ಲಿ ಇದ್ದದ್ದು ಐದೇ ಮಂದಿ. ಹೆಡ್ಮಾಸ್ಟರ್ ಮಲ್ಲಿಕಾರ್ಜುನಪ್ಪನವರು ತಮ್ಮ ಕುರ್ಚಿಯಲ್ಲಿ. ಅವುಗಳನ್ನು ದಾನ ಕೊಟ್ಟ ಪರದೇಶದ ಸಂಸ್ಥೆಯ ಪರವಾಗಿ ಮೈಸೂರಿನಿಂದ ಬಂದಿದ್ದ ಸಂಯೋಜಕರು, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅವರ ಎದುರಿಗೆ. ಬಿಸಿಯೂಟದ ಅಡುಗೆ ಮಾಡುವ ಸಾಕಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ. ಅವಳ ಮಗಳು, ಏಳನೇ ಕ್ಲಾಸಿನ ಮಹದೇವಿ, ತಾಯಿಯ ಸೆರಗಿನ ಹಿಂದೆ. ಮತ್ತು ಕೂರಲು ಕುರ್ಚಿ ಸಿಗದೆ ಭೂಪಟಗಳ ಸ್ಟ್ಯಾಂಡಿಗೆ ಒರಗಿ ನಿಂತಿದ್ದ ವಿಜ್ಞಾನದ ಮೇಷ್ಟ್ರಾದ ನಾನು. ಉಳಿದ ಶಾಲೆಯೆಲ್ಲ ಕಿಟಕಿಯ ಸರಳುಗಳ ನಡುವೆ ಮೂಗು ತೂರಿಸಿಕೊಂಡು ಹೊರಗೆ ನಿಂತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ನಂಜನಗೂಡಿನಿಂದ ಹೊರಟ ಬಸ್ಸು ಸುತ್ತೂರು ದಾಟಿ ತಿರುಮಕೂಡಲು ನರಸೀಪುರದ ಕಡೆಗೆ ಏದುತ್ತ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಈಗಲೂ ನನ್ನನ್ನು ಕಂಡರೆ ಕೂರಿಸಿ ಕಾಫಿ ಕೊಡುತ್ತಾರೆ, ಅದನ್ನು ಕಳೆದುಕೊಳ್ಳುವ ಮನಸ್ಸಿಲ್ಲ.

ಸಂಯೋಜಕರು ಒಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಬಾಯಿ ತೆರೆಸಿದರು. ಗಾಜು ಬೆಳಗಿತು. ಅವರು ಟಕಟಕ ಎಂದು ಏನೋ ಒತ್ತಿದರು. ಗಾಜಿನ ಮೇಲೆ ಹೆಡ್ಮಾಸ್ಟರ ಹೆಸರು ಇಂಗ್ಲಿಷಿನಲ್ಲಿ, ದಪ್ಪ ಅಕ್ಷರದಲ್ಲಿ ಮೂಡಿತು. ಮಲ್ಲಿಕಾರ್ಜುನಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಓದಿಕೊಂಡರು. ಅಷ್ಟರಲ್ಲಿ ಮಹದೇವಿ ಸೆರಗಿನ ಮರೆಯಿಂದ ಈಚೆ ಬಂದಿದ್ದಳು.

"ನನ್ ಎಸ್ರೂ ಬತ್ತದಾ ಸಾ?"

"ಯಾರ ಹೆಸರು ಬೇಕಾದರೂ ಬರುತ್ತೆ. ಬಾ, ನೀನೇ ಒತ್ತು" ಎಂದರು ಸಂಯೋಜಕರು. ಹುಡುಗಿ ಬೆರಳು ಚಾಚಿದಳು. ಹೆಡ್ಮಾಸ್ಟರು ಅಷ್ಟೇ ಚುರುಕಾಗಿ ಮುಚ್ಚಳ ಮುಚ್ಚಿದರು. "ಕೈ ನೋಡ್ಕೊಂಡಿದ್ದೀಯಾ? ಹೋಗು, ತೊಳ್ಕೊಂಡು ಬಾ." ಮಹದೇವಿ ಓಡಿಹೋಗಿ, ಬೋರ್‌ವೆಲ್ ಹೊಡೆದು ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ಏದುಸಿರು ಬಿಡುತ್ತ ವಾಪಸ್ಸು ಬಂದಳು. ಅಷ್ಟು ಹೊತ್ತಿಗೆ ಲ್ಯಾಪ್‌ಟಾಪುಗಳು ಬೀರುವಿನ ಒಳಗೆ, ಬೀಗದ ಕೈ ಹೆಡ್ಮಾಸ್ಟರ ಸೊಂಟದ ಉಡಿದಾರದಲ್ಲಿ. ಹುಡುಗಿ ತೊಳೆದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದಳು.

ಇದಕ್ಕೆ ಅವರೊಬ್ಬರನ್ನೇ ಬೈದು ಪ್ರಯೋಜನವಿಲ್ಲ. ಒಳ್ಳೆಯ ವಸ್ತುವೊಂದು ಮನೆಗೆ ಬಂದರೆ ನಮ್ಮ ಜನ ಮೊದಲು ಯೋಚಿಸುವುದು ಅದನ್ನು ಯಾರೂ ಬಳಸದಂತೆ ಹೇಗೆ ನೋಡಿಕೊಳ್ಳುವುದು ಅಂತ. ಟೀವಿಗೆ ಲಂಗ ಹೊಲಿಸುತ್ತೇವೆ. ಸೋಫಾದ ಪ್ಲಾಸ್ಟಿಕ್ಕು ಕೀಳದೆ ಬೇಸಗೆಯಲ್ಲೂ ಅದರ ಮೇಲೇ ಕೂತು, ಏಳುವಾಗ ಚರಕ್ಕೆಂದು ಬಿಡಿಸಿಕೊಂಡು ಏಳುತ್ತೇವೆ. ಕಳಲೆಯಲ್ಲಿ ನನ್ನ ಸೋದರತ್ತೆಯೊಬ್ಬರಿದ್ದರು. ಅವರಿಗೆ ಮದುವೆಯಲ್ಲಿ ಬಂದ ಪಿಂಗಾಣಿ ಕಪ್ಪುಗಳ ಒಂದು ಸೆಟ್ಟಿತ್ತು. ಗುಲಾಬಿ ಹೂವಿನದು. ಎಂಥ ನೆಂಟರು ಬಂದರೂ ಕಾಫಿ ಸ್ಟೀಲ್ ಲೋಟದಲ್ಲೇ. ಕಪ್ಪುಗಳನ್ನು ಗಾಜಿನ ಬಾಗಿಲಿನಾಚೆಯಿಂದ ತೋರಿಸುತ್ತಿದ್ದರು. "ಅದ್ರಲ್ಲಿ ಕುಡಿದ್ರೆ ಹೆಂಗಿರತ್ತೆ ಅತ್ತೆ?" ಎಂದು ನಾನು ಚಿಕ್ಕವನಿದ್ದಾಗ ಕೇಳಿದ್ದೆ. "ನಂಗೇನ್ಲಾ ಗೊತ್ತು, ನಾನು ಕುಡಿದಿದ್ದೀನಾ?" ಎಂದಿದ್ದರು. ಅವರು ಹೋದಮೇಲೆ ತಿಥಿಗೆ ಬಂದವರಿಗೆ ಅದರಲ್ಲಿ ಕಾಫಿ ಕೊಟ್ಟೆವು. ಚೆನ್ನಾಗಿಯೇ ಇತ್ತು.

ಆದರೆ ಹೆಡ್ಮಾಸ್ಟರ ಹೆದರಿಕೆ ನನ್ನತ್ತೆಯದಕ್ಕಿಂತ ದೊಡ್ಡದು. ಅವರಿಗೆ ಬರುವ ಮೇ ತಿಂಗಳಿಗೆ ನಿವೃತ್ತಿ. ಸರ್ಕಾರಿ ಶಾಲೆಯಲ್ಲಿ ಒಂದು ಸ್ಟೂಲಿದ್ದರೂ ಅದು ಯಾರಾದರೊಬ್ಬರ ಚಾರ್ಜಿನಲ್ಲಿರಬೇಕು. ಹೋಗುವವರು ಬರುವವರಿಗೆ ಅದನ್ನು ನಾಲ್ಕೂ ಕಾಲಿನ ಸಮೇತ ಒಪ್ಪಿಸಬೇಕು. ಮಲ್ಲಿಕಾರ್ಜುನಪ್ಪನವರ ಸ್ನೇಹಿತರೊಬ್ಬರು ಯಾವುದೋ ತಾಲ್ಲೂಕಿನಲ್ಲಿ ರಿಟೈರಾಗುವಾಗ ಶಾಲೆಯ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ತಿಂದುಬಿಟ್ಟಿತ್ತಂತೆ. ಪೆನ್ಷನ್ ಫೈಲು ಆ ತಿದಿಯಲ್ಲೇ ಸಿಕ್ಕಿಕೊಂಡಿತು. ಮನುಷ್ಯ ಆಫೀಸಿನಿಂದ ಆಫೀಸಿಗೆ ಅಲೆದೂ ಅಲೆದೂ ಸಂಗೀತವೆಂದರೆ ಎದ್ದುಹೋಗುವಂತಾದರು. "ಒಂದು ಹಾರ್ಮೋನಿಯಮ್ಮಿಗೇ ಹೀಗೆ ಮಾಡಿದೋರು, ಫಾರಿನ್ ಮಾಲಿಗೆ ನನ್ನ ಬಿಡ್ತಾರೇನ್ರೀ ಮೇಷ್ಟ್ರೇ?" ಎಂದು ಹೆಡ್ಮಾಸ್ಟರು ಕೇಳುತ್ತಿದ್ದರು. ನನ್ನ ಉತ್ತರಕ್ಕೆ ಮಾತ್ರ ಕಾಯುತ್ತಿರಲಿಲ್ಲ.

ಉದ್ಘಾಟನೆ ಮಾತ್ರ ಭರ್ಜರಿಯಾಗಿ ನಡೆಯಿತು. ಹತ್ತೂ ಲ್ಯಾಪ್‌ಟಾಪುಗಳನ್ನು ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಮುಚ್ಚಳಕ್ಕೆ ವಿಭೂತಿ, ಅದರ ಮೇಲೆ ಕುಂಕುಮ, ಸುತ್ತ ಚೆಂಡುಹೂವು. ಊರ ಮುಖಂಡರು ತೆಂಗಿನಕಾಯಿ ಒಡೆದರು. ಕಾಯಿ ನೀರಿನ ಎರಡು ಹನಿ ಎಲ್ಲಿ ಬೀಳಬಾರದೋ ಅಲ್ಲೇ ಬಿತ್ತು. ಅತಿಥಿಗಳಿಗೆಂದು ತಂದಿದ್ದ ರಸಬಾಳೆಯಲ್ಲಿ ಒಂದು ಚಿಪ್ಪು ಉಳಿಯಿತು. ಶಾಲೆಯಲ್ಲಿ ಬೀಗವಿರುವುದು ಅದೊಂದೇ ಬೀರು ಆದ್ದರಿಂದ ಅದೂ ಒಳಗೆ ಸೇರಿತು. ಆಮೇಲೆ ದಸರಾ ರಜ. ನಂಜನಗೂಡು ರಸಬಾಳೆಯ ಘಮದ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನಿಲ್ಲ. ಮುಚ್ಚಿದ ಬೀರುವಿನಲ್ಲಿ ರಜವೆಲ್ಲ ಕೊಳೆತ ರಸಬಾಳೆಯ ಘಮವನ್ನು ಕುರಿತು ಮಾತ್ರ ಯಾರೂ ಬರೆದಂತಿಲ್ಲ. ಶಾಲೆ ತೆರೆದ ದಿನ ನೋಡಿದರೆ ಕೆಂಪಿರುವೆಗಳು ಶಿಸ್ತಾಗಿ ಸಾಲುಗಟ್ಟಿ ಒಂದು ಲ್ಯಾಪ್‌ಟಾಪಿನ ಪಕ್ಕೆಯಿಂದ ಒಳಗೆ ಹೋಗಿ ಇನ್ನೊಂದು ಪಕ್ಕೆಯಿಂದ ಈಚೆ ಬರುತ್ತಿದ್ದವು. ನಮ್ಮ ಶಾಲೆಯಲ್ಲಿ ಆ ಯಂತ್ರಗಳನ್ನು ಮೊದಲು ಬಳಸಿದವರು ಅವೇ. ಹೆಡ್ಮಾಸ್ಟರು ಸುತ್ತ ಒಂದು ಗೆರೆ ಅರಿಸಿನ ಎಳೆದು ಮತ್ತೆ ಬೀಗ ಹಾಕಿದರು.

ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಒಂದು ಕರಡಿಯೂ ಇತ್ತು. ಉದ್ಘಾಟನೆಯ ದಿನ ಐದು ನಿಮಿಷ ಅದನ್ನು ತೋರಿಸಿದ್ದರು. ಕರಡಿ ಮೂಗಿನಲ್ಲಿ ಇಂಗ್ಲಿಷು ಮಾತಾಡುತ್ತ ರೊಟ್ಟಿಗೆ ಜಾಮು ಸವರಿ ಲೆಕ್ಕ ಹೇಳಿಕೊಡುತ್ತಿತ್ತು. ಹಿಮದಲ್ಲಿ ಮನುಷ್ಯನ ಗೊಂಬೆ ಕಟ್ಟಿ ಅದಕ್ಕೆ ಎಷ್ಟು ಗುಂಡಿ ಇವೆ ಎಂದು ಕೇಳುತ್ತಿತ್ತು. ನಮ್ಮ ಹುಡುಗರು ಅದನ್ನು ಸುಣ್ಣದ ಗುಡ್ಡೆ ಎಂದು ತೀರ್ಮಾನಿಸಿದರು. "ಕರಡಿಗ್ಯಾಕ್ ಸಾ ಸುಣ್ಣ ಬಳಿಯೋ ಕೆಲ್ಸ ಕೊಟ್ಟವ್ರೆ?" ಎಂದು ಒಬ್ಬ ಕೇಳಿದ. ಸಂಯೋಜಕರು ನಕ್ಕು, ಮಕ್ಕಳಲ್ಲಿ ಕುತೂಹಲ ಹುಟ್ಟಿದೆ ಎಂದು ಬರೆದುಕೊಂಡರು.

ಮಹದೇವಿಗೆ ಕರಡಿಯೂ ಬೇಕಿರಲಿಲ್ಲ, ಗುಡ್ಡೆಯೂ ಬೇಕಿರಲಿಲ್ಲ. ಅವಳಿಗೆ ಬೇಕಾದ್ದು ಗಾಜಿನ ಮೇಲೆ ಅವಳ ಹೆಸರು. ಅದನ್ನು ಅವಳು ತಾಯಿಗೂ ಹೇಳಿಬಿಟ್ಟಿದ್ದಳು. ಸಾಕಮ್ಮನಿಗೆ ಓದು ಬರಹ ಬಾರದು. ಮಗಳ ಹೆಸರು ಬೆಳಕಿನಲ್ಲಿ ಬರೆದಂತೆ ಕಾಣುತ್ತದೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಸಾರಿನ ಹಂಡೆಯಿಂದ ನನಗೆ ಬಡಿಸುವಾಗಲೆಲ್ಲ, "ಯಾವಾಗ್ ಸಾ ಬರ್ಸೋದು ನಮ್ ಮಗಿ ಎಸ್ರ? ನಾನೂ ವಸಿ ನೋಡ್ಬೇಕಲ್ಲ" ಎನ್ನುತ್ತಿದ್ದಳು. ನಾನು "ಈ ವಾರ ಸಾಕಮ್ಮ" ಎನ್ನುತ್ತಿದ್ದೆ. ತಟ್ಟೆಗೆ ಇನ್ನೊಂದು ಸೌಟು ಬೀಳುತ್ತಿತ್ತು.

ಹಾಗೆಂದು ನಾನು ಸುಮ್ಮನೆ ಕೂತಿರಲಿಲ್ಲ. ಒಂದು ಶನಿವಾರ ಹೆಡ್ಮಾಸ್ಟರನ್ನು ಹಿಡಿದು ಕೂರಿಸಿ, ಒಂದೇ ಒಂದು ಲ್ಯಾಪ್‌ಟಾಪನ್ನು ಒಂದೇ ಒಂದು ಗಂಟೆ ಈಚೆ ತೆಗೆಯಲು ಒಪ್ಪಿಸಿದೆ. ಚಾರ್ಜ್ ಮಾಡೋಣವೆಂದು ವೈರು ಬಿಚ್ಚಿದರೆ ಅದರ ತುದಿಯಲ್ಲಿ ಮೂರು ದಪ್ಪ ಚೌಕ ಕಡ್ಡಿಗಳು. ನಮ್ಮ ಗೋಡೆಯಲ್ಲಿ ಗುಂಡು ತೂತು. ಕೊಟ್ಟ ಪುಣ್ಯಾತ್ಮರು ಅವರ ದೇಶದ ಗೋಡೆಗೆ ಹೊಂದುವಂತೆ ಕೊಟ್ಟಿದ್ದರು. ನಂಜನಗೂಡಿನ ಬಜಾರಿನಲ್ಲಿ ಎಲೆಕ್ಟ್ರಿಕ್ ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಹೊಂದೋ ಪಿನ್ನು ಮೈಸೂರಿಂದ ತರಿಸ್ಬೇಕು ಸಾ" ಎಂದ. ತರಿಸಿದ. ನಾನು ಗೆದ್ದವನಂತೆ ಪಿನ್ನು ತೆಗೆದುಕೊಂಡು ಹೋದರೆ ಹೆಡ್ಮಾಸ್ಟರು ಅದನ್ನು ಮುಟ್ಟಲೇ ಇಲ್ಲ. "ಮೇಷ್ಟ್ರೇ, ನಮ್ಮೂರ ಕರೆಂಟು ನಿಮಗೆ ಗೊತ್ತಿಲ್ಲದ್ದಾ? ಹೋದ ತಿಂಗಳು ಗಿರಣಿ ಮೋಟಾರು ಸುಟ್ಟುಹೋಯ್ತು. ಸುಟ್ರೂ ಅದು ಗಿರಣಿಯೋರ ಸ್ವಂತದ್ದು. ಇದು ಸುಟ್ರೆ ನಾನು ಸುಟ್ಟ ಹಾಗೆ. ಮಕ್ಕಳಿಗೆ ಬಾಯಲ್ಲಿ ಹೇಳ್ಕೊಡಿ, ಸಾಕು."

ಬಾಯಲ್ಲಿ ಕಂಪ್ಯೂಟರ್ ಹೇಳಿಕೊಡುವುದು ಹೇಗೆಂದು ಅವರನ್ನು ಕೇಳಲಾರದೆ ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತ, "ಈಜು ಹೇಳ್ಕೊಟ್ಟ ಹಾಗೆ ಹೇಳ್ಕೊಡಿ. ನಿಮ್ಗೆ ಈಜೂ ಬರಲ್ಲ, ಮಕ್ಕಳಿಗೆ ಅದನ್ನೂ ನೆಲದ ಮೇಲೇ ಹೇಳ್ಕೊಟ್ಟಿದ್ದೀರಲ್ಲ" ಎಂದಳು. ಅವಳ ಮಾತಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಉಪಾಯವೂ ಬಂತು.

ಗೋಡೆಯ ಮೇಲೆ ಭಾರತದ ಭೂಪಟ ಬರೆಸಿ ಉಳಿದಿದ್ದ ನೀಲಿ ಬಣ್ಣ ಒಂದು ಡಬ್ಬಿ ಇತ್ತು. ಅದರಿಂದ ಶಾಲೆಯ ಜಗಲಿಯ ಸಿಮೆಂಟು ನೆಲದ ಮೇಲೆ ಕೀಬೋರ್ಡು ಬರೆದೆ. ಮೊದಲು ಒಂದು ದೊಡ್ಡದು, ಒಂದೊಂದು ಅಕ್ಷರವೂ ಕುಂಟೆಬಿಲ್ಲೆಯ ಮನೆಯಷ್ಟು. ಮಕ್ಕಳು ಒಂಟಿಕಾಲಿನಲ್ಲಿ ಕುಪ್ಪಳಿಸಿಕೊಂಡು ಸಿ, ಎ, ಟಿ ಎಂದು ಬೆಕ್ಕು ಬರೆದರು. ಆಮೇಲೆ ಗೋಡೆಯುದ್ದಕ್ಕೂ ನಿಜವಾದ ಅಳತೆಯ ಹತ್ತು ಚಿಕ್ಕ ಕೀಬೋರ್ಡುಗಳು. ಅವುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಬೆನ್ನು ಬಗ್ಗಿಸಿ, ಹತ್ತೂ ಬೆರಳಿನಲ್ಲಿ ನೆಲ ಕುಟ್ಟುವುದು. ದೂರದಿಂದ ನೋಡಿದರೆ ಏನೋ ಹರಕೆ ತೀರಿಸುತ್ತಿದ್ದಾರೆ ಅನ್ನಿಸುತ್ತಿತ್ತು. ತಪ್ಪಾದರೆ ಅಳಿಸುವ ಮನೆಯನ್ನೂ ಬರೆದಿದ್ದೆ. ಅದನ್ನೂ ಒತ್ತುತ್ತಿದ್ದರು, ಪಾಪ, ಕಾಣದ ತಪ್ಪನ್ನು ಅಳಿಸಲು.

ಮಹದೇವಿಯ ಬೆರಳು ಓಡುವ ವೇಗಕ್ಕೆ ನನ್ನ ಕಣ್ಣು ಓಡುತ್ತಿರಲಿಲ್ಲ. ತನ್ನ ಹೆಸರನ್ನು ದಿನಕ್ಕೆ ಎಷ್ಟು ಸಲ ಬರೆಯುತ್ತಿದ್ದಳೋ, ಅವಳು ಕೂರುವ ಕಡೆ 'ಎ' ಅಕ್ಷರದ ನೀಲಿ ಬಣ್ಣ ಸವೆದು ಸಿಮೆಂಟು ಕಾಣತೊಡಗಿತು. ಒಮ್ಮೆ, "ಸಾ, ಮಧ್ಯದಲ್ಲಿ ಆ ಎಚ್ ಯಾಕ್ ಬೇಕು? ನಮ್ಮವ್ವ ಮಾದೇವಿ ಅಂತಾನೆ ಕೂಗದು" ಎಂದಳು. "ನಿಮ್ಮವ್ವ ಕೂಗಲಿ, ಗಾಜಿಗೆ ಪೂರ್ತಿ ಬೇಕು" ಎಂದೆ. ಅಷ್ಟು ಅಧಿಕಾರದಿಂದ ಹೇಳಿದ ನಾನು ಆವರೆಗೆ ಒಂದೇ ಒಂದು ನಿಜವಾದ ಕೀಲಿಯನ್ನು ಒತ್ತಿದವನಲ್ಲ.

ಫೆಬ್ರವರಿಯಲ್ಲಿ ಸುದ್ದಿ ಬಂತು: ದಾನಿಗಳ ದೇಶದಿಂದ ಒಬ್ಬ ಹೆಂಗಸೂ ಒಬ್ಬ ಗಂಡಸೂ ಮಕ್ಕಳ ಪ್ರಗತಿ ನೋಡಲು ಬರುತ್ತಾರೆ. ಹೆಡ್ಮಾಸ್ಟರು ಮೊದಲ ಸಲ ತಾವಾಗಿಯೇ ಬೀರು ತೆಗೆದರು. "ಮೇಷ್ಟ್ರೇ, ನಿಮ್ಮ ಪಿನ್ನು ಎಲ್ಲಿ?" ನಾನು ಓಡಿದೆ. ಪಿನ್ನು ಸಿಕ್ಕಿಸಿ ಸ್ವಿಚ್ಚು ಹಾಕಿದೆವು. ಕರೆಂಟಿರಲಿಲ್ಲ. ಆ ವಾರವೆಲ್ಲ ಟ್ರಾನ್ಸ್‌ಫಾರ್ಮರ್ ಕೆಟ್ಟು ಊರಿಗೆ ಊರೇ ಬುಡ್ಡಿ ದೀಪದಲ್ಲಿತ್ತು. ಬಂದಾಗಿನಿಂದ ಉಪವಾಸವಿದ್ದ ಬ್ಯಾಟರಿಗಳು ಗುಟುಕು ಜೀವವನ್ನೂ ತೋರಿಸಲಿಲ್ಲ. ಅತಿಥಿಗಳ ಕಾರು ಹಳ್ಳಿಯೊಳಕ್ಕೆ ತಿರುಗುವುದು ಕಿಟಕಿಯಿಂದ ಕಾಣಿಸಿತು.

ಮಲ್ಲಿಕಾರ್ಜುನಪ್ಪನವರ ಬುದ್ಧಿ ಎಂಥದ್ದೆಂದು ನನಗೆ ತಿಳಿದದ್ದು ಅವತ್ತು. ಮಕ್ಕಳನ್ನು ಗೋಡೆಗೆ ಬೆನ್ನು ಹಾಕಿ ಕೂರಿಸಿದರು. ಅವರ ಮುಂದೆ ಲ್ಯಾಪ್‌ಟಾಪು. ಅತಿಥಿಗಳ ಕುರ್ಚಿ ಎದುರುಗಡೆ. ಅಲ್ಲಿಂದ ಕಾಣುವುದು ಮುಚ್ಚಳದ ಬೆನ್ನು ಮತ್ತು ಮಕ್ಕಳ ಮುಖ. "ಶುರು ಮಾಡಿ" ಎಂದು ಕಣ್ಣು ಮಾಡಿದರು.

ಮಕ್ಕಳು ಶುರು ಮಾಡಿದರು. ಕಪ್ಪು ಗಾಜಿನ ಮುಂದೆ ಹತ್ತು ಮಕ್ಕಳು ಟಕಟಕ ಟಕಟಕ ಒತ್ತಿದರು. ಒಬ್ಬರೂ ನಿಲ್ಲಿಸಲಿಲ್ಲ. ಒಬ್ಬರೂ ತಲೆಯೆತ್ತಿ, ಏನೂ ಬರುತ್ತಿಲ್ಲವಲ್ಲ ಸಾ, ಎನ್ನಲಿಲ್ಲ. ಯಾಕೆನ್ನುತ್ತಾರೆ? ಅವರು ಕಲಿತ ಕಂಪ್ಯೂಟರಿನಲ್ಲಿ ಯಾವತ್ತೂ ಏನೂ ಬಂದಿರಲಿಲ್ಲ. ಒತ್ತುವುದು ಮಾತ್ರ ತಮ್ಮ ಕೆಲಸ, ಕಾಣುವುದು ದೊಡ್ಡವರಿಗೆ ಬಿಟ್ಟದ್ದು ಎಂದುಕೊಂಡಿದ್ದರೋ ಏನೋ. ಅತಿಥಿಗಳು ಕ್ಯಾಮೆರಾ ತೆಗೆದರು. ಇಷ್ಟು ಏಕಾಗ್ರತೆಯನ್ನು ಬೇರೆ ಯಾವ ದೇಶದಲ್ಲೂ ಕಂಡಿಲ್ಲವೆಂದು ಗಂಡಸು ಹೇಳಿದ್ದನ್ನು ಸಂಯೋಜಕರು ಕನ್ನಡ ಮಾಡಿದರು.

ಒಬ್ಬಳು ಮಾತ್ರ ಗಾಜು ನೋಡುತ್ತಿದ್ದಳು. ಮಹದೇವಿ ಹೆಸರು ಒತ್ತುವುದು, ಕತ್ತೆತ್ತಿ ನೋಡುವುದು, ಮತ್ತೆ ಒತ್ತುವುದು. ಅಡುಗೆಮನೆಯಿಂದ ಸಾಕಮ್ಮ ಕೈಯೊರೆಸಿಕೊಂಡು ಬಂದು ಕಂಬದ ಪಕ್ಕ ನಿಂತಿದ್ದಳು. ಮಗಳನ್ನು ಮೆಲ್ಲಗೆ ಕೇಳಿದಳು, "ಬಂತಾ ಕೂಸೇ?"

"ತಡಿಯವ್ವ, ಬತ್ತದ."

ಆಗ ಆ ವಿದೇಶದ ಹೆಂಗಸು ಎದ್ದು ಮಕ್ಕಳ ಪಕ್ಕಕ್ಕೇ ಬಂದುಬಿಟ್ಟರು. ಮಹದೇವಿಯ ಭುಜದ ಮೇಲಿಂದ ಬಗ್ಗಿ ನೋಡಿದರು. ಗಾಜು ಕಪ್ಪು. ಅದರಲ್ಲಿ ಅವರ ಮುಖ, ಹುಡುಗಿಯ ಮುಖ ಎರಡೂ ಕಾಣುತ್ತಿದ್ದವು. ಹೆಡ್ಮಾಸ್ಟರತ್ತ ಹುಬ್ಬೇರಿಸಿದರು. ಹೆಡ್ಮಾಸ್ಟರು ಒಂದು ಕೂದಲೂ ಅಲುಗದಂತೆ, ಇಂಗ್ಲಿಷಿನಲ್ಲೇ, "ಪವರ್ ಸೇವಿಂಗ್, ಮೇಡಂ" ಎಂದರು. ಹೆಂಗಸಿನ ಮುಖ ಅರಳಿತು. ಬಡ ದೇಶದ ಮಕ್ಕಳಿಗೆ ವಿದ್ಯುತ್ತಿನ ಬೆಲೆ ಗೊತ್ತಿದೆ ಎಂದು ಸಂಗಾತಿಗೆ ಹೇಳಿದರು. ಮಹದೇವಿ ಏನು ಬರೆಯುತ್ತಿದ್ದಾಳೆಂದು ಕೇಳಿದರು.

"ನನ್ ಎಸ್ರು" ಎಂದಳು ಹುಡುಗಿ.

ಸಂಯೋಜಕರು ಅದನ್ನು ಇಂಗ್ಲಿಷ್ ಮಾಡಿದರು. ಹೆಂಗಸು ಕಪ್ಪು ಗಾಜನ್ನು ಇನ್ನೊಮ್ಮೆ ನೋಡಿ, ತುಂಬ ಚೆನ್ನಾಗಿದೆ ಎಂದು ಹುಡುಗಿಯ ಬೆನ್ನು ತಟ್ಟಿದರು. ಸಾಕಮ್ಮನಿಗೆ ಅಷ್ಟು ಸಾಕಾಯಿತು. ಬಿಳಿ ದೊರೆಸಾನಿಯೇ ನೋಡಿ ಚೆನ್ನಾಗಿದೆ ಅಂದಮೇಲೆ ಬಂದೇ ಇರಬೇಕು, ಓದು ಬಾರದ ತನಗೆ ಕಾಣಿಸಲಿಲ್ಲ ಅಷ್ಟೇ ಎಂದುಕೊಂಡು ಒಳಗೆ ಹೋದಳು. ಮಹದೇವಿ ನನ್ನನ್ನು ನೋಡಿದಳು. ನಾನು ಅತಿಥಿಗಳ ಕಾಫಿಗೆ ಸಕ್ಕರೆ ಸಾಕೋ ಬೇಕೋ ವಿಚಾರಿಸಲು ಹೋದೆ.

ಪರೀಕ್ಷೆ ಮುಗಿಯಲಿ, ಟ್ರಾನ್ಸ್‌ಫಾರ್ಮರ್ ಸರಿಯಾಗಲಿ, ಒಂದು ದಿನ ಅವಳೊಬ್ಬಳನ್ನೇ ಕೂರಿಸಿ ಹೆಸರು ಬರೆಸಿಯೇ ತೀರುವುದೆಂದು ನಾನು ಹಟ ಹಿಡಿದೆ. ಹೆಡ್ಮಾಸ್ಟರೂ ಮೆತ್ತಗಾಗಿದ್ದರು. "ಆಯ್ತು ಮೇಷ್ಟ್ರೇ, ಏಪ್ರಿಲ್ಲಿನಲ್ಲಿ. ಆ ಮಗು ನನ್ನ ಮಾನ ಉಳಿಸಿತು" ಎಂದರು. ಏಪ್ರಿಲ್ಲಿನಲ್ಲಿ ಕರೆಂಟೂ ಬಂತು, ಒಂದು ಜೀಪೂ ಬಂತು. ಸಂಯೋಜಕರು ಇಳಿದು ಹೆಡ್ಮಾಸ್ಟರ ಕೈ ಕುಲುಕಿದರು. ಅತಿಥಿಗಳು ವರದಿ ಕೊಟ್ಟಿದ್ದರಂತೆ: ಈ ಶಾಲೆಯ ಮಕ್ಕಳು ಮೊದಲ ಹಂತವನ್ನು ದಾಟಿಬಿಟ್ಟಿದ್ದಾರೆ, ಇನ್ನು ಈ ಯಂತ್ರಗಳನ್ನು ಹೆಚ್ಚು ಹಿಂದುಳಿದ ಶಾಲೆಗೆ ಕೊಡುವುದು ನ್ಯಾಯ, ಇವರಿಗೆ ಮುಂದೆ ಇನ್ನೂ ದೊಡ್ಡವು ಬರುತ್ತವೆ. ಹತ್ತು ಲ್ಯಾಪ್‌ಟಾಪುಗಳೂ ಗೀರು ಬೀಳದ ಮೈಯಲ್ಲಿ, ಚೌಕ ಕಡ್ಡಿಯ ವೈರುಗಳ ಸಮೇತ ಜೀಪು ಹತ್ತಿದವು. ಹೆಡ್ಮಾಸ್ಟರು ರಸೀದಿ ಪಡೆದು ಎರಡು ಸಲ ಓದಿ, ಜೇಬಿನಲ್ಲಿಟ್ಟುಕೊಂಡು, ಜೇಬನ್ನು ಸವರಿಕೊಂಡರು. ಅವರ ಪೆನ್ಷನ್ ಒಂದು ದಿನವೂ ತಡವಾಗಲಿಲ್ಲ. ಒಳ್ಳೆಯ ಮನುಷ್ಯ, ಇವತ್ತಿಗೂ ನಂಜನಗೂಡಿನಲ್ಲಿ ಎದುರಾದರೆ ಎಳನೀರು ಕುಡಿಸದೆ ಬಿಡುವುದಿಲ್ಲ.

ಮಹದೇವಿ ಟೀಸಿ ತೆಗೆದುಕೊಂಡು ಹೋಗಲು ಬಂದಾಗ ಸಂಸ್ಥೆಯವರು ಕಳಿಸಿದ್ದ ನುಣುಪು ಕಾಗದದ ಪುಸ್ತಿಕೆಯೊಂದು ನನ್ನ ಮೇಜಿನ ಮೇಲಿತ್ತು. ಅದರ ರಟ್ಟಿನ ಮೇಲೆ ಅವಳದೇ ಫೋಟೋ; ಮುಚ್ಚಳದ ಮೇಲಿಂದ ಅವಳ ಕಣ್ಣು, ಎರಡು ಜಡೆ. ಅವಳು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ಅದರ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಗುರುತು ಹಿಡಿಯುತ್ತ ಹೋದಳು.

"ಇದ್ರಲ್ಲೂ ನನ್ ಎಸ್ರಿಲ್ವಲ್ಲ ಸಾ. ಏನಂತ ಬರ್ದವ್ರೆ?"

"ದಕ್ಷಿಣ ಭಾರತದ ಒಬ್ಬ ಹಳ್ಳಿ ಹುಡುಗಿ ಅಂತ."

"ಅಷ್ಟೇನಾ?"

"ಅಷ್ಟೇ ಕಣವ್ವ. ತಗೊಂಡು ಹೋಗು, ನಿಮ್ಮವ್ವಂಗೆ ತೋರ್ಸು."

"ಬ್ಯಾಡಿ ಸಾ. ತೋರ್ಸಿದ್ರೆ ಎಸ್ರು ಎಲ್ಲದೆ ಅಂತ ಕೇಳ್ತಾಳೆ" ಎಂದು ಪುಸ್ತಿಕೆಯನ್ನು ಮೇಜಿನ ಮೇಲೆ ಮೊದಲಿದ್ದ ಹಾಗೇ ಇಟ್ಟು ಹೊರಟಳು. ಜೂನಿನಲ್ಲಿ ನರಸೀಪುರದ ಹೈಸ್ಕೂಲಿಗೆ ಸೇರಿದಳೆಂದು ಸಾಕಮ್ಮ ಹೇಳಿದಳು. ಯಾವಾಗ ಬರೆಸುತ್ತೀರಿ ಎಂದು ಅವಳು ಮತ್ತೆ ನನ್ನನ್ನು ಕೇಳಲಿಲ್ಲ.

ಮರುವರ್ಷ ಸಂಸ್ಥೆಯವರು ನನ್ನನ್ನು ಮೈಸೂರಿಗೆ ಕರೆಸಿದರು. ತಣ್ಣನೆಯ ದೊಡ್ಡ ಹಾಲು, ಸುತ್ತಲ ತಾಲ್ಲೂಕುಗಳ ಮೇಷ್ಟ್ರುಗಳು, ನನಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹಳ್ಳಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಬಗೆಯನ್ನು ಕುರಿತು ನಾನು ಊಟದ ಹೊತ್ತು ಮೀರುವವರೆಗೂ ಮಾತಾಡಿದೆ. ಆಮೇಲೆ ಸಂಯೋಜಕರು ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು ತಂದಿಟ್ಟು, ಏನಾದರೂ ಬರೆದು ತೋರಿಸಿ ಸರ್, ಎಲ್ಲರಿಗೂ ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತದೆ, ಎಂದರು. ಏನು ಬರೆಯುವುದೆಂದು ಯೋಚಿಸುವ ಮೊದಲೇ ಬೆರಳುಗಳು ಓಡಿದವು. ಅಕ್ಷರಗಳ ಜಾಗ ಹುಡುಕುವ ಕಷ್ಟವಾಗಲಿಲ್ಲ. ಗೋಡೆಯಷ್ಟಗಲಕ್ಕೆ ನನ್ನ ಹೆಸರು ಬಂತು. ಸಭೆ ಚಪ್ಪಾಳೆ ತಟ್ಟಿತು. ನಾನು ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದುದನ್ನು ಕಂಡು ಸಂಯೋಜಕರು ಕಿವಿಯ ಹತ್ತಿರ ಬಗ್ಗಿ, "ಮೊದಲನೇ ಸಲವಾ ಸರ್?" ಎಂದರು. ಹೌದೆಂದೆ. ಸಂಜೆ ನಂಜನಗೂಡಿನ ಬಸ್ಸಿನಲ್ಲಿ, ಪೇಟ ಇದ್ದದ್ದಕ್ಕೋ ಏನೋ, ಕಂಡಕ್ಟರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದ.